ಲೆಕ್ಕಕ್ಕೆ ಬಾರದ ತಿಂಗಳು

ಕಾದ ತುಪ್ಪಕ್ಕೆ ಬಿಟ್ಟ ಕಜ್ಜಾಯ ಮೊದಲು ತಳ ಸೇರುತ್ತದೆ. ಮುಳುಗಿತು ಅನ್ನುವಷ್ಟರಲ್ಲಿ ಮೆಲ್ಲಗೆ ಮೇಲೆದ್ದು, ಮೈತುಂಬ ಸೂಜಿಮೊನೆಯಷ್ಟು ರಂಧ್ರಗಳನ್ನು ತೆರೆದುಕೊಂಡು ತೇಲುತ್ತದೆ. ನನ್ನ ಅತ್ತೆ ಗೋದಮ್ಮನವರು ಒಲೆಯ ಮುಂದೆ ಮಣೆ ಹಾಕಿಕೊಂಡು ಆ ರಂಧ್ರಗಳನ್ನೇ ನೋಡುತ್ತ ಕೂರುತ್ತಿದ್ದರು. ಬಾಳೆಲೆಯ ತುಂಡಿನ ಮೇಲೆ ಹಿಟ್ಟಿನ ಉಂಡೆ, ಅದರ ಮೇಲೆ ಚಿಟಿಕೆ ಗಸಗಸೆ, ಅದರ ಮೇಲೆ ಅವರ ಮೂರು ಬೆರಳು. ತಟ್ಟಿ, ಎಲೆಯನ್ನು ಸುತ್ತ ತಿರುಗಿಸಿ, ಅಂಗೈಗೆ ಜಾರಿಸಿಕೊಂಡು ಬಾಣಲೆಗೆ ಇಳಿಬಿಡುವಾಗ ಬಾಯಲ್ಲಿ ನಾಮಸ್ಮರಣೆ ನಡೆದೇ ಇರುತ್ತಿತ್ತು. ಇಷ್ಟು ವರ್ಷಗಳಾದ ಮೇಲೂ ಎಲ್ಲಾದರೂ ಬೆಲ್ಲದ ಪಾಕ ತುಪ್ಪದಲ್ಲಿ ಬೇಯುವ ವಾಸನೆ ಬಂದರೆ ನನಗೆ ಮೊದಲು ಕಾಣುವುದು ಆ ಮೂರು ಬೆರಳು. ಉಳಿದದ್ದೆಲ್ಲ ಆಮೇಲೆ.

"ಕಜ್ಜಾಯದಲ್ಲಿ ಎಷ್ಟು ತೂತು ಬೀಳತ್ತೋ ಅಷ್ಟು ವರ್ಷ ವೈಕುಂಠವಾಸ ಕಣೇ," ಎನ್ನುತ್ತಿದ್ದರು.

"ಪಾಕ ಕೆಟ್ಟು ತೂತೇ ಬೀಳದಿದ್ರೆ ಅತ್ತೆ?"

"ಮಾಡಿದವಳು ಇಲ್ಲೇ ಇರಬೇಕು, ಬಾಣಲೆ ತಿಕ್ಕಿಕೊಂಡು."

ನಾವಿಬ್ಬರೂ ನಗುತ್ತಿದ್ದೆವು. ನಮ್ಮ ಮನೆಯಲ್ಲಿ ಅತ್ತೆ ಸೊಸೆಯರ ನಗು ಬೀದಿಗೆ ಕೇಳಿಸುತ್ತದೆಂದು ನೆರೆಮನೆಯ ಸುಂದ್ರಮ್ಮ ದೂರುತ್ತಿದ್ದರು.

ಪಂಚಾಂಗದ ಬಳಕೆಯಿಲ್ಲದವರಿಗೆ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಚಂದ್ರನ ತಿಂಗಳಿಗೂ ಸೂರ್ಯನ ವರ್ಷಕ್ಕೂ ಹೊಂದಿಕೆಯಾಗಲೆಂದು ಸುಮಾರು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಹೆಚ್ಚಿಗೆ ಬರುತ್ತದೆ. ಅದೇ ಅಧಿಕಮಾಸ. ಅದಕ್ಕೆ ಸ್ವಂತ ಹೆಸರೂ ಇಲ್ಲ. ಮುಂದೆ ಜ್ಯೇಷ್ಠ ಬರುವುದಿದ್ದರೆ ಇದು ಅಧಿಕ ಜ್ಯೇಷ್ಠ. ಇದು ಕಳೆದ ಮೇಲೆ ಬರುವುದು ನಿಜ ಜ್ಯೇಷ್ಠ. ಆ ತಿಂಗಳಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ಜಪ, ಉಪವಾಸ, ದಾನ ಇಷ್ಟೇ. ಮೂವತ್ತಮೂರು ಕಜ್ಜಾಯಗಳನ್ನು ಕಂಚಿನ ಪಾತ್ರೆಯಲ್ಲಿಟ್ಟು, ಬಟ್ಟೆ ಕಟ್ಟಿ, ಪುರೋಹಿತರಿಗೆ ಕೊಡುವುದು ಆ ತಿಂಗಳ ದೊಡ್ಡ ದಾನ. ಉಳಿದಂತೆ ನಮ್ಮ ಮನೆಗಳಲ್ಲಿ ಯಾರೂ ಏನನ್ನೂ ಆರಂಭಿಸುವುದಿಲ್ಲ. 'ಅದು ಲೆಕ್ಕಕ್ಕೆ ಬಾರದ ತಿಂಗಳು' ಎನ್ನುವುದು ನಾನು ಹುಟ್ಟಿದಾಗಿನಿಂದ ಕೇಳಿದ ಮಾತು.

ಆ ವರ್ಷ ಅಕ್ಷಯ ತದಿಗೆಯ ಹಿಂದಿನ ದಿನ ನನ್ನ ಯಜಮಾನರು ತೀರಿಕೊಂಡರು. ಶ್ರೀಪಾದರು ನನ್ನ ಅತ್ತೆಗೆ ಒಬ್ಬನೇ ಮಗ. ಊರಿನ ಮುದ್ರಣಾಲಯದಲ್ಲಿ ಅಕ್ಷರದ ಮೊಳೆ ಜೋಡಿಸುತ್ತಿದ್ದವರು. ಮೂರೇ ದಿನದ ಜ್ವರ. ನನಗಾಗ ಇಪ್ಪತ್ತಾರು, ಆರು ವರ್ಷದ ಮಗ, ಮೂರು ವರ್ಷದ ಮಗಳು. ಹತ್ತನೆಯ ದಿನ ನೆಂಟರ ಹೆಂಗಸರು ಬಳೆ ಒಡೆಯಲು ಕರೆದರು. ಅತ್ತೆ ಅಡ್ಡ ನಿಂತರು.

"ನನ್ನ ಬಳೆ ಒಡೆದಾಗ ಆದ ಗಾಯ ಇನ್ನೂ ಈ ಮಣಿಕಟ್ಟಿನಲ್ಲಿದೆ. ಇವಳ ಕೈ ಯಾರೂ ಮುಟ್ಟಕೂಡದು," ಎಂದು ನನ್ನನ್ನು ಒಳಗೆ ಕರೆದೊಯ್ದರು. ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು, ಒಂದೊಂದೇ ಬಳೆಯನ್ನು ನೋವಾಗದ ಹಾಗೆ ಜಾರಿಸಿ ತೆಗೆದರು. ತೆಗೆಯುತ್ತ ತೆಗೆಯುತ್ತ ತಾವೇ ಬಿಕ್ಕಿದರು. ಹೆತ್ತ ತಾಯಿಗಾದರೂ ಇದು ತೋಚುತ್ತಿತ್ತೋ ಇಲ್ಲವೋ. ಇವರು ಹೇಳಿದರೆ ಕಣ್ಣು ಮುಚ್ಚಿಕೊಂಡು ಬಾವಿಗಾದರೂ ಇಳಿದೇನು ಎಂದು ಆ ದಿನ ನನಗೆ ಅನ್ನಿಸಿತು.

ಹದಿನೈದನೆಯ ದಿನ ಅಂಚೆಯಲ್ಲಿ ಒಂದು ಕಾಗದ ಬಂತು. ಶಿಕ್ಷಕಿಯರ ತರಬೇತಿ ಶಾಲೆಗೆ ನಾನು ಆಯ್ಕೆಯಾಗಿದ್ದೆ. ಅರ್ಜಿ ತುಂಬಿ ಕಳಿಸಿದ್ದವರು ಯಜಮಾನರೇ. ನನ್ನ ಹತ್ತಿರ ಬರೀ ಸಹಿ ಹಾಕಿಸಿಕೊಂಡಿದ್ದರು. ಬೇರೆ ಊರು, ಎರಡು ವರ್ಷ ಅಲ್ಲೇ ವಾಸ, ಆಮೇಲೆ ಸರ್ಕಾರಿ ಕೆಲಸ. ನಿಜ ಜ್ಯೇಷ್ಠದ ಕೊನೆಯಲ್ಲಿ ಹೋಗಿ ಸೇರಬೇಕು. ಕಾಗದದ ಕೆಳಗಡೆ ನಿಯಮಗಳಿದ್ದವು. ಅವುಗಳಲ್ಲೊಂದು: ಗರ್ಭಿಣಿಯರಿಗೆ ಪ್ರವೇಶವಿಲ್ಲ, ವೈದ್ಯರ ಪತ್ರ ತರತಕ್ಕದ್ದು.

"ಹೋಗು," ಎಂದರು ಅತ್ತೆ. "ಅವನು ನಿನಗೆ ಬರೆದಿಟ್ಟು ಹೋದದ್ದು ಇದೊಂದೇ. ಮಕ್ಕಳನ್ನ ನಾನು ನೋಡ್ಕೋತೀನಿ. ನಾಳೆ ನಾನೂ ಕಣ್ಣು ಮುಚ್ಚಿದ್ರೆ ಈ ಮೂವರ ಬಾಯಿಗೆ ಅನ್ನ ಹಾಕೋರು ಯಾರು?"

ಆ ನಿಯಮ ನನಗೆ ಸಂಬಂಧಪಟ್ಟದ್ದೆಂದು ತಿಳಿಯಲು ಇನ್ನೊಂದು ವಾರ ಬೇಕಾಯಿತು. ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸತೊಡಗಿತು. ಎರಡು ಮಕ್ಕಳನ್ನು ಹೆತ್ತವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೆಲವು ದಿನ ನಾನು ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ದೇವರ ಮನೆ ಸಾರಿಸುವಾಗ ಅವನೊಬ್ಬನಿಗೇ ಹೇಳಿಕೊಂಡೆ. ಇದನ್ನು ಹಗುರವಾಗಿ ಯೋಚಿಸಿದವಳು ನಾನಲ್ಲ. ಹೊಟ್ಟೆಯಲ್ಲಿರುವುದು ಜೀವವೇ, ಇನ್ನೂ ಜೀವವಾಗದ ಏನೋ ಒಂದೇ, ಅದನ್ನು ಬೇಡವೆನ್ನುವ ಅಧಿಕಾರ ನನಗೆ ಯಾರು ಕೊಟ್ಟರು, ಬೇಕೆಂದರೆ ಈಗಿರುವ ಎರಡು ಜೀವಗಳ ಗತಿಯೇನು, ಇಷ್ಟನ್ನೂ ಸಗಣಿ ನೀರಿನ ಬಟ್ಟೆ ಹಿಂಡುತ್ತ ಹಿಂಡುತ್ತ ಕೇಳಿದೆ. ದೇವರು ಎಂದಿನಂತೆ ಸುಮ್ಮನಿದ್ದ. ಕೊನೆಗೊಂದು ಮಧ್ಯಾಹ್ನ, ಅತ್ತೆ ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದಾಗ ಎದುರಿಗೆ ಹೋಗಿ ಕೂತೆ.

"ಅತ್ತೆ, ನಾನು ಈ ಸಲ ಹೊರಗಾಗಲಿಲ್ಲ."

"ಗೊತ್ತು." ಅವರು ಮೊರದಿಂದ ಕಣ್ಣೆತ್ತಲಿಲ್ಲ. "ಮೂರು ದಿನ ಹೊರಗೆ ಕೂರೋಳು ಕೂರಲಿಲ್ಲ ಅಂದ್ರೆ ಮನೇಲಿರೋ ಮುದುಕಿಗೆ ತಿಳಿಯಲ್ವೇನೇ? ದುಃಖಕ್ಕೆ ನಿಂತಿರಬಹುದು ಅಂತ ಬಾಯಿ ಮುಚ್ಕೊಂಡಿದ್ದೆ."

"ದುಃಖಕ್ಕಲ್ಲ."

"ಹೂಂ."

"ಇದನ್ನ ಇಟ್ಕೊಂಡ್ರೆ ಶಾಲೆ ಇಲ್ಲ ಅತ್ತೆ. ಇಟ್ಕೊಳ್ಳೋದು ಬೇಡ ಅನ್ನಿಸತ್ತೆ. ಅನ್ನಿಸಿದ್ದಕ್ಕೆ ನಾಲಿಗೆ ಕಚ್ಕೋತೀನಿ, ಮತ್ತೆ ಅನ್ನಿಸತ್ತೆ. ನೀವೇ ಹೇಳಿ, ಇದು ಪಾಪವಾ?"

ಅವರು ಒಂದು ಕಲ್ಲನ್ನು ಆರಿಸಿ ಪಕ್ಕಕ್ಕಿಟ್ಟರು. ಇನ್ನೊಂದನ್ನು ಆರಿಸಿದರು. "ಪಾಪ ಪುಣ್ಯ ತೂಗೋನು ಅವನು, ನಾನಲ್ಲ," ಎಂದರು ಕೊನೆಗೆ. "ನೀನು ಎರಡು ಮಕ್ಕಳ ತಾಯಿ. ನಿನಗೆ ತೋಚಿದ್ದು ಮಾಡು. ನಾನಿದೀನಿ."

ನಾನು ಅವರ ತೊಡೆಯ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಅವರ ಕೈ ನನ್ನ ಬೆನ್ನ ಮೇಲೆ ಬಂತು.

"ಮೂರು ತಿಂಗಳೊಳಗಾದ್ರೆ ಕಾಯಿದೆ ಅಡ್ಡಿ ಮಾಡಲ್ಲವಂತೆ," ಎಂದರು ಆಮೇಲೆ. "ನಿನಗಿನ್ನೂ ಬೇಕಾದಷ್ಟು ದಿನ ಇದೆ. ಆದ್ರೆ ಇನ್ನು ನಾಲ್ಕು ದಿನಕ್ಕೆ ಅಧಿಕ ಬಂತು. ಅಧಿಕದಲ್ಲಿ ಇಂಥದ್ದಕ್ಕೆ ಕೈ ಹಾಕೋದು ಬೇಡ ಮಗೂ. ಅದೊಂದು ಕಳೀಲಿ. ನಿಜಮಾಸದ ಪಂಚಮಿ ದಿನ ನಾನೇ ಕರ್ಕೊಂಡು ಹೋಗ್ತೀನಿ."

ನಾನು ಬೆರಳು ಮಡಿಸಿ ಎಣಿಸಿದೆ. ತಪ್ಪಿದ್ದು ವೈಶಾಖದಲ್ಲಿ. ವೈಶಾಖ ಒಂದು, ಜ್ಯೇಷ್ಠ ಎರಡು. ನಡುವಿನ ಅಧಿಕವನ್ನು ನನ್ನ ಬೆರಳು ಮುಟ್ಟಲೇ ಇಲ್ಲ. ಮಕ್ಕಳಿಗೆ ಲೆಕ್ಕ ಕಲಿಸಲು ಹೊರಟಿದ್ದವಳು ನಾನು! ಆದರೆ ಆ ತಿಂಗಳನ್ನು ಎಣಿಸದಿರುವುದನ್ನು ನಾನು ಎಂದೂ ಕಲಿತದ್ದಲ್ಲ. ಊಟಕ್ಕೆ ಬಲಗೈ ತಾನಾಗಿ ಏಳುತ್ತದಲ್ಲ, ಹಾಗೆ ಅದು.

ಅಧಿಕಮಾಸ ಬಂತು. ಅತ್ತೆ ಒಪ್ಪೊತ್ತು ಹಿಡಿದರು, ದಿನಕ್ಕೊಂದೇ ಊಟ. ನನಗೆ ಮಾತ್ರ ಎರಡು ಹೊತ್ತೂ ಮುಂದೆ ಕೂತು ಬಡಿಸುತ್ತಿದ್ದರು. ನುಗ್ಗೆಸೊಪ್ಪಿನ ಪಲ್ಯ, ಹೆಸರುಬೇಳೆ, ಅನ್ನದ ಮೇಲೆ ಕಾಣದ ಹಾಗೆ ಒಂದು ಮಿಳ್ಳೆ ತುಪ್ಪ. "ತಿನ್ನು, ಮುಂದೆ ಬರೋದಕ್ಕೆ ಮೈಯಲ್ಲಿ ಕಸುವಿರಬೇಕು," ಎನ್ನುತ್ತಿದ್ದರು. ನೀರಿನ ಕೊಡ ನನಗೆ ಎತ್ತಗೊಡುತ್ತಿರಲಿಲ್ಲ. ಮಗ ಸತ್ತ ದುಃಖವನ್ನು ನುಂಗಿ ಸೊಸೆಗೆ ಅನ್ನವಿಕ್ಕುವ ಆ ಕೈಯನ್ನು ನೋಡಿ ನಾನು ಮನಸ್ಸಿನಲ್ಲೇ ನಮಸ್ಕರಿಸುತ್ತಿದ್ದೆ.

ಒಂದು ದಿನ ಸುಂದ್ರಮ್ಮ ತಮ್ಮ ಹಿತ್ತಲಿನ ಪರಂಗಿಹಣ್ಣು ಹೋಳು ಮಾಡಿ ತಂದರು. ನಾನು ಒಂದು ಹೋಳು ಎತ್ತಿಕೊಂಡಿದ್ದೆ. ಅತ್ತೆ ಒಳಗಿನಿಂದ ಹೆಚ್ಚುಕಡಿಮೆ ಓಡಿಯೇ ಬಂದು ನನ್ನ ಕೈಯಿಂದ ಅದನ್ನು ತೆಗೆದು ತಟ್ಟೆಗೆ ಹಾಕಿದರು.

"ಅಧಿಕದಲ್ಲಿ ಪರಂಗಿ ನಿಷಿದ್ಧ."

"ಇದ್ಯಾವ ಶಾಸ್ತ್ರ ಗೋದಮ್ಮ?" ಸುಂದ್ರಮ್ಮ ಸೊಂಟದ ಮೇಲೆ ಕೈಯಿಟ್ಟರು. "ನಾನು ಇಷ್ಟು ಅಧಿಕಮಾಸ ಕಂಡಿದೀನಿ, ಪರಂಗಿ ನಿಷಿದ್ಧ ಅಂತ ಇವತ್ತೇ ಕೇಳಿದ್ದು. ನಾಳೆ ಉಸಿರಾಡೋದೂ ನಿಷಿದ್ಧ ಅಂತೀರ."

"ನಿನ್ನ ಬಾಯಿಗೆ ಅದೊಂದು ನಿಷಿದ್ಧ ಮಾಡಿದ್ರೆ ಊರು ಉದ್ಧಾರವಾಗ್ತಿತ್ತು."

ಸುಂದ್ರಮ್ಮ ನಕ್ಕು ತಟ್ಟೆ ಎತ್ತಿಕೊಂಡು ಹೋದರು. ನಾನೂ ನಕ್ಕೆ. ಬಸುರಿಯರಿಗೆ ಪರಂಗಿ ಕೊಡಬಾರದೆಂಬ ಹಳೆಯ ಮಾತು ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೆ ಬಸುರನ್ನು ಬೇಡವೆಂದವಳಿಗೆ ಆ ಪಥ್ಯ ಯಾಕೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲಿಲ್ಲ. ನಂಬಿದವರ ಮಾತನ್ನು ಯಾರೂ ಮಗುಚಿ ನೋಡುವುದಿಲ್ಲ.

ಬಹುಳ ದ್ವಾದಶಿಯ ದಿನ ಕಜ್ಜಾಯದ ದಾನ. ವರ್ಷ ತುಂಬದ ಸಾವಿನ ಮನೆಯಲ್ಲಿ ಕರಿಯುವ ಬಾಣಲೆ ಇಡುವುದುಂಟೇ ಎಂದು ಸುಂದ್ರಮ್ಮ ಗೋಡೆಯಾಚೆಯಿಂದ ಕೇಳಿದ್ದಕ್ಕೆ, "ಇದು ಹಬ್ಬವಲ್ಲ, ಬೇಡಿಕೆ," ಎಂದರು ಅತ್ತೆ. ಬೆಳಗಿನಿಂದ ಅವರ ಬಾಯಿಗೆ ನೀರೂ ಹೋಗಿರಲಿಲ್ಲ. ಅವರು ಎಲೆಯ ಮೇಲೆ ತಟ್ಟಿದರು, ನಾನು ಪಕ್ಕದಲ್ಲಿ ಕೂತು ಕರಿದೆ. ತುಪ್ಪದ ವಾಸನೆಗೆ ಹೊಟ್ಟೆ ತಿರುಗಿ ಎರಡು ಸಲ ಹಿತ್ತಲಿಗೆ ಓಡಿದೆ. ಬಾಯಿ ತೊಳೆದುಕೊಂಡು ಮತ್ತೆ ಬಂದು ಕೂತೆ. ಕಜ್ಜಾಯ ಮುಳುಗಿದವು, ಎದ್ದವು, ರಂಧ್ರ ಬಿಟ್ಟವು. ಆ ದಿನ ಅತ್ತೆ ಅವನ್ನು ನೋಡುತ್ತಿರಲಿಲ್ಲ. ಆಗಾಗ ಅಂಗಳದ ಬಿಸಿಲು ಎಲ್ಲಿಗೆ ಬಂತೆಂದು ನೋಡುತ್ತಿದ್ದರು.

ಪುರೋಹಿತರಾದ ಹಯವದನಾಚಾರ್ಯರು ಬಂದು ಸಂಕಲ್ಪ ಮಾಡಿಸಿದರು. ಮಂತ್ರದ ನಡುವೆ 'ವಂಶಾಭಿವೃದ್ಧಿ' ಎಂಬ ಮಾತು ಕಿವಿಗೆ ಬಿತ್ತು. ಇರುವ ಎರಡು ಮಕ್ಕಳಿಗಾಗಿ ಎಂದುಕೊಂಡೆ. ಪಾತ್ರೆಯನ್ನು ಅವರ ಕೈಗಿಟ್ಟು, ಆಚಾರ್ಯರು ಹೊಸ್ತಿಲು ದಾಟುವವರೆಗೂ ಕೈ ಮುಗಿದು ನಿಂತಿದ್ದ ಅತ್ತೆ, ಆಮೇಲೆ ಕಂಬಕ್ಕೊರಗಿ ಕುಸಿದು ಕೂತು ಗಳಗಳ ಅತ್ತುಬಿಟ್ಟರು. ನಾನು ಸೆರಗಿನಿಂದ ಅವರ ಕಣ್ಣೊರೆಸಿದೆ. ನೀರು ಕುಡಿಸಿದೆ. ಮಿಕ್ಕಿದ್ದ ಒಂದು ಕಜ್ಜಾಯವನ್ನು ಅವರು ಮುರಿದು ನನ್ನ ಬಾಯಿಗಿಟ್ಟರು. ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳುವಷ್ಟೂ ತಾಳ್ಮೆಯಿಲ್ಲದೆ ನುಂಗಿದೆ, ಹಸಿವಾಗಿತ್ತು.

ಅಧಿಕ ಮುಗಿಯಿತು. ಮಾತು ಕೊಟ್ಟಂತೆ ಪಂಚಮಿಯ ದಿನ ಅತ್ತೆ ನನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದರು. ಮಡಿಸೀರೆ ಬಿಟ್ಟು ಬೇರೆ ಉಟ್ಟಿದ್ದರು. ಹೊರಗಿನ ಬೆಂಚಿನ ಮೇಲೆ ಕೂತು, "ನೀನು ಹೋಗಿ ಬಾ," ಎಂದರು.

ಕಮಲಾಕ್ಷಿ ಡಾಕ್ಟರು ದಪ್ಪ ಕನ್ನಡಕದ, ಹೆಚ್ಚು ನಗದ, ಆದರೆ ಗದರಿಸದ ಹೆಂಗಸು. ಪರೀಕ್ಷೆ ಮಾಡಿ, ಕೈ ತೊಳೆದು ಬಂದು ಕೂತರು.

"ಕಡೇ ಸಲ ಮುಟ್ಟಾಗಿದ್ದು ಯಾವತ್ತು?"

"ಯುಗಾದಿ ಆದ ಮೂರನೇ ದಿನ."

ಅವರು ಗೋಡೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದಕ್ಕೆ ಮಗುಚಿ ಪೆನ್ನಿನ ತುದಿಯಿಂದ ಎಣಿಸಿದರು. "ಹದಿಮೂರು ವಾರ ತುಂಬಿದೆ."

"ಎರಡು ತಿಂಗಳಲ್ವಾ ಡಾಕ್ಟ್ರೇ?"

"ಯಾವ ಲೆಕ್ಕದಲ್ಲಿ ಎರಡು?"

"ವೈಶಾಖ ಒಂದು. ಜ್ಯೇಷ್ಠ ಎರಡು."

"ಮೊದಲನೇದಾಗಿ ಲೆಕ್ಕ ತಪ್ಪಿದ ತಿಂಗಳಿಂದ ಅಲ್ಲ, ಕಡೇ ಸಲ ಆದ ದಿನದಿಂದ. ಇರಲಿ. ವೈಶಾಖ ಆದ್ಮೇಲೆ ಎರಡು ಜ್ಯೇಷ್ಠ ಬಂತಲ್ಲಮ್ಮ ಈ ವರ್ಷ?"

"ಅದು... ಅಧಿಕ," ಎಂದೆ.

ಡಾಕ್ಟರು ನನ್ನ ಮುಖವನ್ನೇ ನೋಡಿದರು. "ಪಂಚಾಂಗಕ್ಕೆ ಅಧಿಕಮಾಸ ಇರಬಹುದು. ಹೊಟ್ಟೆಗೆ ಇಲ್ಲ."

ಅವರು ನಿಧಾನವಾಗಿ ಬಿಡಿಸಿ ಹೇಳಿದರು. ಹನ್ನೆರಡು ವಾರದವರೆಗೆ ಅವರೊಬ್ಬರೇ ತೀರ್ಮಾನ ಮಾಡಬಹುದಿತ್ತು, ಕಾಯಿದೆ ಅಷ್ಟು ಕೊಟ್ಟಿತ್ತು. ಅದು ದಾಟಿದ ಮೇಲೆ ದೊಡ್ಡಾಸ್ಪತ್ರೆಗೆ ಹೋಗಬೇಕು, ಇಬ್ಬರು ವೈದ್ಯರು ಒಪ್ಪಬೇಕು. "ಅಲ್ಲಿರೋರನ್ನ ನಾನು ಬಲ್ಲೆ. ಪ್ರಾಣಕ್ಕೆ ಅಪಾಯ ಇದ್ರೆ ಮಾತ್ರ ಸಹಿ ಹಾಕ್ತಾರೆ. ನಿಮ್ಮಂಥೋರನ್ನ ಇಬ್ಬರನ್ನ ಕಳಿಸಿದ್ದೆ, ಬೈಸಿಕೊಂಡು ವಾಪಸು ಬಂದ್ರು." ಪೆನ್ನನ್ನು ಮುಚ್ಚಿದರು. "ಏಳು ದಿನ. ಬರೀ ಏಳು ದಿನದ ಹಿಂದೆ ಬರಬಾರದಿತ್ತೇನಮ್ಮ? ದಿನಾನೂ ಬರೆದು ಕೊಟ್ಟಿದ್ದೆನಲ್ಲ."

"ಯಾರಿಗೆ?"

"ನಿಮ್ಮ ಅತ್ತೆಗೆ. ಹೋದ ತಿಂಗಳು ಬಂದಿದ್ರಲ್ಲ? ಸೊಸೆ ಹೊರಗಾದ ದಿನ ಇಂಥದ್ದು, ನಿಮ್ಮ ಕಾಯಿದೆ ಯಾವತ್ತಿನ ತನಕ ಬಿಡತ್ತೆ, ಸರಿಯಾಗಿ ಹೇಳಿ ಅಂದ್ರು. ತಾರೀಖು ಬರೆದುಕೊಟ್ಟೆ. ತಾರೀಖು ನಂಗೆ ತಿಳಿಯಲ್ಲ, ತಿಥಿ ಹೇಳಿ ಅಂತ ಸೊಂಟದಿಂದ ಪಂಚಾಂಗ ತೆಗೆದ್ರು. ಇಬ್ಬರೂ ಕೂತು ನೋಡಿದ್ವಿ. ಬಹುಳ ದ್ವಾದಶಿ." ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮಗೆ ಹೇಳಲಿಲ್ವಾ?"

ಬಾಗಿಲಿನ ಅರ್ಧ ಪರದೆಯ ಕೆಳಗೆ ಬೆಂಚಿನಿಂದ ಇಳಿಬಿದ್ದ ಎರಡು ಪಾದಗಳು ಕಾಣುತ್ತಿದ್ದವು. ಒಂದರ ಮೇಲೊಂದು ಹಾಕಿಕೊಂಡ, ಬಿರುಕು ಬಿಟ್ಟ, ನಾನು ದಿನವೂ ಮುಟ್ಟಿ ನಮಸ್ಕರಿಸುತ್ತಿದ್ದ ಪಾದಗಳು.

"ಹೇಳಿದ್ರು," ಎಂದೆ. "ನಾನೇ ಮರೆತೆ."

ಯಾಕೆ ಹಾಗೆಂದೆನೋ ತಿಳಿಯದು. ಮನೆಯ ಮಾತು ಆ ಪರದೆಯ ಈಚೆಗೆ ಬರಬಾರದೆಂದು ನಾಲಿಗೆಗೇ ಗೊತ್ತಿತ್ತೇನೋ.

ಮನೆಗೆ ಬಂದು ಇಬ್ಬರೂ ನೇರ ಬಾವಿಕಟ್ಟೆಗೆ ಹೋದೆವು. ಆಸ್ಪತ್ರೆಯಿಂದ ಬಂದವರು ಸ್ನಾನ ಮಾಡದೆ ಒಳಗೆ ಕಾಲಿಡುವ ಹಾಗಿರಲಿಲ್ಲ. ನಾನು ಹಗ್ಗಕ್ಕೆ ಕೈ ಹಾಕಿದೆ. ಅವರು ಬಂದು ತಡೆದರು.

"ನೀನು ಸೇದಬೇಡ."

"ಯಾಕೆ? ಬಹುಳ ದ್ವಾದಶಿ ಕಳೀತಲ್ಲ. ಇನ್ನೇನು ಭಯ ನಿಮಗೆ?"

ಅವರ ಕೈ ಹಗ್ಗದ ಮೇಲೆ ಹಾಗೇ ನಿಂತಿತು. ನಿರಾಕರಿಸುತ್ತಾರೆ, ಡಾಕ್ಟರಿಗೆ ತಪ್ಪು ತಿಳಿವಳಿಕೆ ಎನ್ನುತ್ತಾರೆ ಎಂದು ನಾನು ಕಾದೆ. ಹಾಗೆಂದಿದ್ದರೆ ಆ ಕ್ಷಣ ನಂಬಿಯೂ ಬಿಡುತ್ತಿದ್ದೆ.

"ಹೇಳಿದ್ರಾ ಆಕೆ," ಎಂದರು.

"ಅವತ್ತು ನಾನು ಕಜ್ಜಾಯ ಕರೀತಿದ್ದೆ. ನಿಮ್ಮ ಪಕ್ಕದಲ್ಲೇ ಕೂತು. ವಾಂತಿ ಮಾಡ್ಕೊಂಡು ಬಂದು ಮತ್ತೆ ಕರೀತಿದ್ದೆ. ನೀವು ಬಿಸಿಲು ನೋಡ್ತಾ ಇದ್ರಿ."

"ಹೌದು."

"ಬೇಡ ಅಂತ ಒಂದು ಮಾತು ಹೇಳಬಾರದಿತ್ತೇ? ಕೇಳಿದ್ನಲ್ಲ, ಪಾಪವಾ ಅಂತ. ಎದುರಿಗೆ ಕೂತು ಕೇಳಿದ್ನಲ್ಲ."

"ಬೇಡ ಅಂದಿದ್ರೆ ಏನ್ ಮಾಡ್ತಿದ್ದೆ?"

"ಗೊತ್ತಿಲ್ಲ. ಜಗಳ ಆಡ್ತಿದ್ದೆ. ಅಳ್ತಿದ್ದೆ. ಒಪ್ಕೊಂಡರೂ ಒಪ್ಕೋತಿದ್ದೆನೋ ಏನೋ."

"ಹೋದರೂ ಹೋಗ್ತಿದ್ದೆ."

"ಹೋದರೂ ಹೋಗ್ತಿದ್ದೆ," ಎಂದೆ.

"ಅದಕ್ಕೇ ಹೇಳಲಿಲ್ಲ." ಅವರು ಬಾವಿಕಟ್ಟೆಯ ಮೇಲೆ ಕೂತರು. ಒಮ್ಮೆಗೇ ತೀರ ಮುದುಕಿಯಾಗಿ ಕಂಡರು. "ಪಾಪವೋ ಪುಣ್ಯವೋ ನನಗೆ ನಿಜವಾಗ್ಲೂ ಗೊತ್ತಿಲ್ಲ ಮಗೂ. ಶಾಸ್ತ್ರಕ್ಕಾಗಿ ಮಾಡಿದೆ ಅಂದ್ರೆ ನಾಲಿಗೆಗೆ ಹುಳ ಬೀಳತ್ತೆ. ನನಗೆ ಬೇಕಾಗಿತ್ತು, ಅಷ್ಟೇ. ಅವನ ಗುರುತು ಅಂತ ನಿನ್ನ ಹತ್ತಿರ ಆ ಕಾಗದ ಇದೆ, ಅವನ ಆಸೆ ಇದೆ. ನನ್ನ ಮಗ ಇನ್ನೊಂದು ಸಲ ಈ ಮನೇಲಿ ಹುಟ್ಟೋಕೆ ಉಳಿದಿದ್ದ ದಾರಿ ಇದೊಂದೇ."

"ಆ ದಾರಿ ನನ್ನ ಮೈಯಲ್ಲಿತ್ತು ಅತ್ತೆ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು.

"ನಾನು ಹೋಗಿದ್ರೆ ಆ ಪಾಪ ನನ್ನದಾಗಿರೋದು. ಹೋಗದೆ ಉಳಿದಿದ್ರೆ ಈ ಮಗುವೂ ನಾನಾಗಿ ಬೇಕು ಅಂದದ್ದಾಗಿರೋದು. ಎರಡನ್ನೂ ತೆಗೊಂಡುಬಿಟ್ರಿ. ನನಗೇನು ಉಳಿಸಿದ್ರಿ?"

ಗೋಡೆಯಾಚೆ ಸುಂದ್ರಮ್ಮ ಬಟ್ಟೆ ಒಗೆಯುವ ಸದ್ದು ನಿಂತಿತು. ಅತ್ತೆ ಎದ್ದು ನೀರು ಸೇದಿ ನನ್ನ ಮುಂದಿನ ಹಂಡೆ ತುಂಬಿದರು. ಬಾವಿಯಾಚೆ ತಮಗೂ ಒಂದು ಕೊಡ ಸೇದಿ ಅಲ್ಲೇ ತಲೆಯ ಮೇಲೆ ಸುರಿದುಕೊಂಡರು.

ಆ ದಿನದಿಂದ ನಾನವರನ್ನು 'ಅತ್ತೆ' ಎಂದು ಕರೆಯಲಿಲ್ಲ. ಹಟ ಹಿಡಿದು ಬಿಟ್ಟದ್ದಲ್ಲ. ಆ ಶಬ್ದ ಗಂಟಲಿನಿಂದ ಮೇಲೆ ಬರಲಿಲ್ಲ, ಅಷ್ಟೇ. ಊಟಕ್ಕೆ ಬನ್ನಿ, ದೀಪ ಹಚ್ಚಿದೆ, ಮಗುವಿಗೆ ಮೈ ಬಿಸಿ, ಹೀಗೆ ಸಂಬೋಧನೆಯಿಲ್ಲದ ಮಾತುಗಳಲ್ಲಿ ಆ ಮನೆಯ ಸಂಸಾರ ನಡೆಯಿತು. "ಏನು, ನಿಮ್ಮ ಮನೆ ನಗು ಯಾರಾದ್ರೂ ಕದ್ದುಕೊಂಡು ಹೋದ್ರಾ?" ಎಂದು ಸುಂದ್ರಮ್ಮ ಒಮ್ಮೆ ಕೇಳಿದರು. ಇಬ್ಬರೂ ನಮ್ಮ ನಮ್ಮ ಕೆಲಸಕ್ಕೆ ತಿರುಗಿದ್ದನ್ನು ಕಂಡು ಮತ್ತೆ ಕೇಳಲಿಲ್ಲ. ತರಬೇತಿ ಶಾಲೆಗೆ ಬರಲಾಗುವುದಿಲ್ಲವೆಂದು ನಾನೇ ಬರೆದೆ. ನನ್ನ ಜಾಗಕ್ಕೆ ಇನ್ಯಾರೋ ಹೋದರು. ಆಮೇಲಿನ ವರ್ಷಗಳನ್ನು ಮದುವೆ ಮುಂಜಿಗಳ ಅಡುಗೆಮನೆಗಳಲ್ಲಿ, ಹೊಗೆಯಲ್ಲಿ, ಕಣ್ಣೊರೆಸಿಕೊಳ್ಳುತ್ತ ಕಳೆದೆ. ಯಾವುದಾದರೂ ಶಾಲೆಯ ಮಕ್ಕಳು ಸಾಲಾಗಿ ಹೋಗುತ್ತಿದ್ದರೆ ಕೈಯಲ್ಲಿನ ಸೌಟು ತಾನಾಗಿ ನಿಲ್ಲುತ್ತಿತ್ತು.

ಹುಟ್ಟಿದ್ದು ಹೆಣ್ಣು. ಮಗನೇ ಮರಳಿ ಬರುತ್ತಾನೆಂದು ಕಾದಿದ್ದವರ ಕೈಗೆ ಸೂಲಗಿತ್ತಿ ಅದನ್ನು ಕೊಟ್ಟಾಗ, ಅವರು ಮಗುವಿನ ಮುಖ ನೋಡಿ, "ಮೋಸ ಮಾಡಿದೆಯಲ್ಲೇ ನನಗೆ," ಎಂದು ನಗುತ್ತ ಅತ್ತರು. ಆಮೇಲೆ ತಮ್ಮ ಮಾತು ತಮಗೇ ಕೇಳಿಸಿ ನನ್ನ ಕಡೆ ತಿರುಗಿ ನೋಡಿದರು. ನಾನು ಗೋಡೆಯ ಕಡೆ ಮಗ್ಗುಲಾದೆ. ಮೊಲೆಹಾಲು ಮಾತ್ರ ಯಾರ ಅಪ್ಪಣೆಗೂ ಕಾಯಲಿಲ್ಲ. ಮಗು ಒಮ್ಮೆ ಅತ್ತದ್ದೇ ಸೀರೆ ನೆನೆದುಹೋಯಿತು. ವಸುಮತಿ ಎಂದು ಹೆಸರಿಟ್ಟೆ. ಮೂವರಲ್ಲಿ ನನ್ನ ಪ್ರಾಣಕ್ಕೆ ಹತ್ತಿರದವಳು ಯಾರೆಂದು ಕೇಳಿದರೆ ಉಳಿದಿಬ್ಬರಿಗೂ ಉತ್ತರ ಗೊತ್ತು. ಅವಳನ್ನು ಕಾಣದ ಒಂದು ದಿನವನ್ನು ನಾನು ಊಹಿಸಲಾರೆ. ಅದೇ ಉಸಿರಿನಲ್ಲಿ ಹೇಳುತ್ತೇನೆ, ಆ ದ್ವಾದಶಿಯನ್ನು ನಾನು ಕ್ಷಮಿಸಿಲ್ಲ. ಎರಡೂ ಒಂದೇ ಎದೆಯಲ್ಲಿವೆ. ಒಂದನ್ನೊಂದು ಅಳಿಸಲಿಲ್ಲ.

ಜಗಲಿಯ ಮೇಲೆ ಕೂತವರು ಈ ಕಾಯಿದೆಯ ಮಾತಾಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಒಬ್ಬರು ಭ್ರೂಣಹತ್ಯೆ ಎನ್ನುತ್ತಾರೆ, ಇನ್ನೊಬ್ಬರು ಹೆಣ್ಣಿನ ಹಕ್ಕು ಎನ್ನುತ್ತಾರೆ, ಒಳಗೆ ಹೆಂಗಸರು ಕಾಫಿ ಸೋಸುತ್ತ ಸುಮ್ಮನಿರುತ್ತಾರೆ. ಜೀವ ಯಾವ ದಿನ ಹೊಟ್ಟೆಗೆ ಬರುತ್ತದೆಂದು ನಾನು ಹೇಳಲಾರೆ. ದೊಡ್ಡವರೇ ಒಮ್ಮತಕ್ಕೆ ಬಂದಿಲ್ಲ. ನನಗೆ ಗೊತ್ತಿರುವುದು ಇಷ್ಟು: ಕಾಯಿದೆ ನನಗೆಂದು ಕೆಲವು ದಿನ ಕೊಟ್ಟಿತ್ತು. ಆ ದಿನಗಳಲ್ಲಿ ನಾನು ಆಸ್ಪತ್ರೆಯ ಮೆಟ್ಟಿಲು ಹತ್ತುತ್ತಿದ್ದೆನೋ, ಅರ್ಧಕ್ಕೆ ಹೊಟ್ಟೆ ಹಿಡಿದುಕೊಂಡು ವಾಪಸು ಓಡಿ ಬರುತ್ತಿದ್ದೆನೋ, ಅದು ನನಗೇ ತಿಳಿಯದೆ ಹೋಯಿತು. ದೇವರ ಎದುರು ನಿಂತಾಗ ಅವನೂ ಇದನ್ನೇ ಕೇಳಿದರೆ ನನ್ನ ಹತ್ತಿರ ಹೇಳಲು ಏನೂ ಇಲ್ಲ. ನನ್ನ ಬದಲು ಇನ್ನೊಬ್ಬರು ಉತ್ತರಿಸಿ ಹೋಗಿದ್ದಾರೆ.

ವಸುಮತಿಗೆ ಇಪ್ಪತ್ತು ತುಂಬಿದಾಗ, ಅಜ್ಜಿ ಹೋಗಿ ವರ್ಷವಾಗಿತ್ತು. ಗೋಡೆಯಾಚೆಯಿಂದ ಅಂದು ಕೇಳಿಸಿಕೊಂಡದ್ದನ್ನು ಸುಂದ್ರಮ್ಮ ಇಷ್ಟು ಕಾಲ ಹೊಟ್ಟೆಯಲ್ಲಿಟ್ಟುಕೊಂಡಿದ್ದೇ ದೊಡ್ಡದು. ಕೊನೆಗೆ ಅವಳ ಹತ್ತಿರ ಆಡಿಬಿಟ್ಟಿದ್ದರು. ಮಗಳು ಬಂದು ನಾನು ತರಕಾರಿ ಹೆಚ್ಚುವಲ್ಲಿ ಎದುರಿಗೆ ಕೂತಳು.

"ಅಮ್ಮಾ, ಅಜ್ಜಿ ಹಾಗೆ ಮಾಡದೇ ಇದ್ದಿದ್ರೆ ನಾನು ಇರ್ತಿರಲಿಲ್ವಾ?"

"ಇರ್ತಿರಲಿಲ್ಲವೇನೋ."

"ಹಾಗಾದ್ರೆ ಅಜ್ಜಿ ಮಾಡಿದ್ದು ಸರೀನಾ?"

ಈಳಿಗೆಮಣೆಯಿಂದ ಕೈ ತೆಗೆದು ನಾನು ಅವಳ ಗಲ್ಲ ಹಿಡಿದೆ. ಅದು ಅಜ್ಜಿಯ ಗಲ್ಲದ ಹಾಗೇ ಇದೆ, ನಡುವೆ ಸಣ್ಣ ಕುಳಿ. "ನೀನು ಸರಿ," ಎಂದೆ. "ಅಜ್ಜಿ ಮಾಡಿದ್ದು ಸರಿಯಲ್ಲ."

ಅವಳು ಒಂದು ಬದನೆಕಾಯಿ ಎತ್ತಿಕೊಂಡು ತೊಟ್ಟು ಬಿಡಿಸತೊಡಗಿದಳು.

ಆ ರಾತ್ರಿ ನನಗೆ ನೆನಪಾದದ್ದು ಅವಳು ಹುಟ್ಟಿದ ಹದಿಮೂರನೆಯ ದಿನ. ತೊಟ್ಟಿಲಿಗೆ ಹಾಕಿದ ಶಾಸ್ತ್ರ ಮುಗಿದು, ಬಂದ ನಾಲ್ಕು ಜನ ಅರಿಶಿನ ಕುಂಕುಮ ತೆಗೆದುಕೊಂಡು ಹೊರಟುಹೋಗಿದ್ದರು. ನಡುಮನೆಯ ತೊಲೆಗೆ ಕಟ್ಟಿದ ತೊಟ್ಟಿಲಲ್ಲಿ ಮಗು ಅತ್ತಿತು. ನಾನು ಈ ಕಡೆಯಿಂದ ಎದ್ದೆ, ಅವಳಜ್ಜಿ ಆ ಕಡೆಯಿಂದ ಎದ್ದರು. ಇಬ್ಬರೂ ಒಟ್ಟಿಗೇ ಬಂದು ನಿಂತೆವು. ಇಬ್ಬರೂ ಹಿಂದೆ ಸರಿಯಲಿಲ್ಲ. ಕೊನೆಗೆ ಅವರು ಆ ಬದಿ ಕೂತರು, ನಾನು ಈ ಬದಿ ಕೂತೆ. ಅವರು ತೂಗಿದಾಗ ತೊಟ್ಟಿಲು ನನ್ನ ಹತ್ತಿರ ಬಂತು. ನಾನು ಅಂಗೈಯಿಂದ ಮೆಲ್ಲನೆ ತಳ್ಳಿದಾಗ ಅವರ ಹತ್ತಿರ ಹೋಯಿತು. ಜೋಗುಳ ಇಬ್ಬರಿಗೂ ಬರುತ್ತಿತ್ತು, ಇಬ್ಬರೂ ಹಾಡಲಿಲ್ಲ. ಹಗ್ಗ ತೊಲೆಗೆ ಉಜ್ಜುವ ಸದ್ದೊಂದೇ ಮನೆಯಲ್ಲಿತ್ತು. ಮಗು ನಿದ್ದೆಹೋಗಿ ಬಹಳ ಹೊತ್ತಾಗಿತ್ತು. ನಾವು ತೂಗುತ್ತಲೇ ಇದ್ದೆವು.